ಆಡಿನ ಪ್ರಸವಪರಿಚರ್ಯೆ

 

ಕನ್ನಡನಾಡಿನ ಪೂರ್ವಿಕರು ಪಶುಪೋಷಣೆಯನ್ನು ಅಲ್ಪವಿಷಯವೆಂದು ಎಣಿಸಿದವರಲ್ಲ. ಗಂಗವಂಶದ ಶಿವಮಾರನು ಆನೆಯನ್ನು ಕುರಿತು ಗಜಾಷ್ಟಕವೆಂಬ ಕೃತಿಯನ್ನು ರಚಿಸಿದನೆಂಬ ಪ್ರಸಿದ್ಧಿಯುಂಟು. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಗೋವೈದ್ಯವನ್ನು ಬರೆದನು. ಅಭಿನವಚಂದ್ರನು ಕುದುರೆಯ ವೈದ್ಯವನ್ನು ಬರೆದನು. ಆಡಿನ ಪಾಲಿಗೆ ಮಾತ್ರ ಅಂತಹ ಹೆಸರಾಂತ ಗ್ರಂಥವೊಂದು ದೊರೆಯಲಿಲ್ಲ. ಇದರ ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಆನೆ ಕುದುರೆಗಳನ್ನು ಸಾಕಿದವರು ಅರಸರು. ಆಡನ್ನು ಸಾಕಿದವರು ಬಡವರು, ಅವರಲ್ಲಿಯೂ ವಿಶೇಷವಾಗಿ ಹೆಂಗಸರು. ಆದಕಾರಣ ಆಡಿನ ಸೂಲಗಿತ್ತಿತನವು ಓಲೆಗರಿಗೆ ಏರದೆ, ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ, ಬೆರಳಿನಿಂದ ಬೆರಳಿಗೆ ಇಳಿದು ಬಂದಿತು.

ಆ ಇಳಿವು ಈಗ ಕಡಿದುಹೋಗುತ್ತಿರುವುದೇ ಈ ಉಪನ್ಯಾಸಕ್ಕೆ ಕಾರಣವು. ಶ್ರೀಮಠದ ಭಕ್ತರಲ್ಲಿ ಬಹುಜನರು ಬೆಂಗಳೂರಿನ ದಕ್ಷಿಣಭಾಗದಲ್ಲಿ ನೆಲೆಸಿರುವವರು. ಅಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದುದು 1948ರಲ್ಲಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳು ಕೂಡಿ ಬಿ.ಟಿ.ಎಂ. ಬಡಾವಣೆಯ ಹೆಸರಾಯಿತು. ಸಾರಕ್ಕಿ, ಯಡಿಯೂರು, ಕತ್ರಿಗುಪ್ಪೆಗಳು ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಣ ಗ್ರಾಮಗಳಾಗಿದ್ದುವು. ಹೊಲಗಳು ಹೋದುವು, ಗೋಮಾಳಗಳು ಹೋದುವು. ಆದರೆ ಹಳೆಯ ಊರಿನ ನಡುಗಟ್ಟು ಬಡಾವಣೆಗಳ ಮಧ್ಯದಲ್ಲಿ ಹಾಗೆಯೇ ಉಳಿದಿದೆ. ಅಂತಹ ಓಣಿಗಳಲ್ಲಿ ಗೋಡೆಗೊಂದು ಗೂಟ ಹೊಡೆದು ಎರಡು ಮೂರು ಆಡುಗಳನ್ನು ಸಾಕಿಕೊಂಡಿರುವ ಮನೆಗಳು ಇಂದಿಗೂ ಉಂಟು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯು ಆ ಮನೆಗಳಿಗೆ ಆಶ್ರಯವಾಗಿದೆ. ಮೊದಲು ಒಂದು ಆಡಿಗೆ ಬೇನೆ ಬಂದರೆ ನೆರೆಯಲ್ಲಿ ಬಲ್ಲವರು ನಾಲ್ವರಿರುತ್ತಿದ್ದರು. ಈಗ ಅಜ್ಜಿಯು ಕಾಲವಾದ ಮನೆಯಲ್ಲಿ ಆಡು ಉಳಿದಿದೆ, ವಿದ್ಯೆ ಉಳಿದಿಲ್ಲ. ಅಂತಹ ಮನೆಯಲ್ಲಿ ಒಂದು ಆಡು ಈಯಲಾರದೆ ಸತ್ತರೆ ತಾಯಿ ಮರಿಗಳೆರಡೂ ಹೋಗುವುದಲ್ಲದೆ, ಮಕ್ಕಳ ಶಾಲೆಯ ಹಣವೂ ಆಪತ್ತಿಗೆಂದು ಕಟ್ಟಿಟ್ಟ ಗಂಟೂ ಒಂದೇ ರಾತ್ರಿಯಲ್ಲಿ ಹೋದಂತಾಗುವುದು.

ಮಠದ ಸಭೆಯಲ್ಲಿ ಆಡಿನ ಮಾತೇಕೆ ಎಂದು ಯಾರಾದರೂ ಹುಬ್ಬೇರಿಸಿದರೆ, ಗೋಲಗೇರಿಯ ಗೊಲ್ಲಾಳಯ್ಯನನ್ನು ನೆನೆದರೆ ಸಾಕು. ಕುರಿ ಕಾಯುವ ಕಾಯಕದ ಆ ಶರಣನಿಗೆ ಕುರಿಯ ಹಿಕ್ಕೆಯೇ ಲಿಂಗವಾಯಿತೆಂಬ ಕಥೆಯನ್ನು ಕೇಳದ ಭಕ್ತರಿಲ್ಲ. ವೈದ್ಯಶಾಸ್ತ್ರದ ಪ್ರಮಾಣವೇ ಬೇಕೆನ್ನುವವರಿಗೆ ಚರಕ ಸುಶ್ರುತರಿಬ್ಬರೂ ಅಷ್ಟವಿಧ ಕ್ಷೀರಗಳಲ್ಲಿ ಆಡಿನ ಹಾಲನ್ನು ಎಣಿಸಿ ಲಘುವೆಂದು ಹೊಗಳಿದ್ದಾರೆ. ಮಹಾತ್ಮಾ ಗಾಂಧಿಯವರು ಕಾಯಿಲೆಯಿಂದ ಬಳಲಿದ ಮೇಲೆ 1919ರ ಸುಮಾರಿನಿಂದ ಆಡಿನ ಹಾಲನ್ನೇ ಸೇವಿಸುತ್ತಿದ್ದರು. 1927ರಲ್ಲಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆದಾಗ, ಬಿ.ಟಿ.ಎಂ. ಬಡಾವಣೆಗೆ ಸಮೀಪವಾದ ಅಡುಗೋಡಿಯಲ್ಲಿ 1923ರಲ್ಲಿ ಸ್ಥಾಪಿತವಾಗಿದ್ದ ಹೈನುಗಾರಿಕೆಯ ಸಂಸ್ಥೆಗೆ ವಿದ್ಯಾರ್ಥಿಯಂತೆ ಹೋಗಿ ಪಶುಪಾಲನೆಯನ್ನು ಕಲಿತರು. ದೊಡ್ಡವರು ಕಲಿಯಲು ನಾಚದ ವಿಷಯವಿದು.

ಈಗ ಪ್ರಕೃತಕ್ಕೆ ಬರೋಣ.

ಆಡಿನ ಗರ್ಭಕಾಲವು ಸುಮಾರು 150 ದಿವಸಗಳು. ಐದು ದಿನ ಹಿಂದುಮುಂದಾಗುವುದು ಸಹಜ. ಪಂಚಾಂಗವನ್ನು ಬಲ್ಲವರಿಗೆ ಈ ಲೆಕ್ಕವು ಬಲು ಸುಲಭ. ಐದು ಚಾಂದ್ರಮಾಸಗಳಿಗೆ 148 ದಿನಗಳಾಗುವುವು. ಆಷಾಢದ ಹುಣ್ಣಿಮೆಯಲ್ಲಿ ಹೋತ ಕೂಡಿದ ಆಡು ಮಾರ್ಗಶಿರದ ಹುಣ್ಣಿಮೆಯ, ಎಂದರೆ ಹೊಸ್ತಿಲ ಹುಣ್ಣಿಮೆಯ, ಆಚೀಚೆಗೆ ಈಯಬೇಕು. ನಡುವೆ ಅಧಿಕಮಾಸ ಬಂದಿದ್ದರೆ ಅದನ್ನೂ ಒಂದು ತಿಂಗಳಾಗಿಯೇ ಎಣಿಸಬೇಕು. ಗರ್ಭದ ಮರಿಗೆ ಅಧಿಕಮಾಸದ ವಿನಾಯಿತಿ ಇಲ್ಲ. ಹೋತ ಕೂಡಿದ ತಿಥಿಯನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡುವ ಮನೆಯು ಅರ್ಧ ಗೆದ್ದಂತೆಯೇ ಸರಿ. ದಿನ ತಿಳಿಯದವರು ತಿಂಗಳುಗಟ್ಟಲೆ ಗಾಬರಿಪಟ್ಟು, ಬೇಕಾದ ರಾತ್ರಿಯಲ್ಲಿ ನಿದ್ರೆ ಹೋಗುವರು.

ಮರಿಯ ಬೆಳವಣಿಗೆಯ ಹೆಚ್ಚಿನ ಭಾಗವು ಕಡೆಯ ಒಂದೂವರೆ ತಿಂಗಳಿನಲ್ಲಿ ಆಗುವುದು. ಅವಳಿ ಮರಿಗಳನ್ನು ಹೊತ್ತ ಆಡಿಗೆ ಆಗ ಮೇವು ಸಾಲದೆ ಬಂದರೆ ತನ್ನ ಮೈಯ ಕೊಬ್ಬನ್ನೇ ಕರಗಿಸಿಕೊಂಡು, ಮಂಕಾಗಿ, ಮೇವು ಬಿಟ್ಟು, ಕಣ್ಣು ಕಾಣದಂತೆ ಗೋಡೆಗೆ ತಲೆಯೊತ್ತಿ ನಿಲ್ಲುವುದು. ಇದು ಮಾರಕವಾದ ವ್ಯಾಧಿ. ಆದುದರಿಂದ ಹುರುಳಿನುಚ್ಚು, ಹಿಂಡಿ, ತೌಡುಗಳನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳುವುದು ಅವಶ್ಯ. ಛತ್ರಗಳಲ್ಲಿ ಮದುವೆ ಮುಗಿದ ಮೇಲೆಯೂ, ಮಠಗಳಲ್ಲಿ ದಾಸೋಹ ಮುಗಿದ ಮೇಲೆಯೂ ಮಿಕ್ಕ ಅನ್ನವನ್ನು ಪುಣ್ಯವೆಂದು ಬಗೆದು ಆಡುಗಳ ಮುಂದೆ ರಾಶಿಯಾಗಿ ಸುರಿಯುವ ಪದ್ಧತಿಯುಂಟು. ಬೆಂದ ಅನ್ನವನ್ನು ಒಮ್ಮೆಲೇ ಹೊಟ್ಟೆತುಂಬ ತಿಂದ ಆಡಿನ ಹೊಟ್ಟೆಯಲ್ಲಿ ಹುಳಿ ಹುಟ್ಟಿ, ಹೊಟ್ಟೆಯುಬ್ಬರಿಸಿ, ಅದು ಒಂದೆರಡು ದಿನಗಳಲ್ಲಿಯೇ ಸಾಯಬಹುದು; ಗಬ್ಬದ ಆಡಾದರೆ ಮರಿಯೊಡನೆ ಸಾಯುವುದು. ಕೊಡುವವರ ಭಾವವು ಒಳ್ಳೆಯದೇ. ಆದರೆ ಆಡಿನ ಹೊಟ್ಟೆಯು ಭಾವವನ್ನು ಅರಿಯದು.

ಇನ್ನು ಬೇನೆಯ ಲಕ್ಷಣಗಳು. ಕೆಚ್ಚಲು ತುಂಬಿತೆಂಬುದನ್ನೇ ನೆಚ್ಚಿ ಕುಳಿತವರು ಮೋಸಹೋಗುವುದುಂಟು. ಚೊಚ್ಚಲ ಆಡಿಗೆ ಮೂರು ನಾಲ್ಕು ವಾರಗಳ ಮುಂಚೆಯೇ ಕೆಚ್ಚಲು ದಪ್ಪವಾಗುವುದು. ಹಲವು ಈಲುಗಳನ್ನು ಕಂಡ ಆಡಿಗೆ ಈಯುವ ದಿನದವರೆಗೂ ತುಂಬದಿರಬಹುದು. ಹೆಚ್ಚು ನಂಬತಕ್ಕ ಗುರುತು ಬಾಲದ ಬುಡದಲ್ಲಿದೆ. ಬಾಲದ ಎರಡು ಮಗ್ಗುಲಲ್ಲಿಯೂ, ಬೆನ್ನೆಲುಬಿನಿಂದ ಹಿಂದಕ್ಕೆ ಇಳಿದು, ಬಳಪದ ಕಡ್ಡಿಯಷ್ಟು ದಪ್ಪನಾದ ಬಿಗಿಯಾದ ಕಟ್ಟುಗಳು ಬೆರಳಿಗೆ ಸಿಕ್ಕುವುವು. ಈಯುವ ಕಾಲ ಸಮೀಪಿಸಿದಂತೆ ಇವು ಸಡಿಲುತ್ತ ಬಂದು, ಕಡೆಗೆ ಎಷ್ಟು ಹುಡುಕಿದರೂ ಬೆರಳಿಗೆ ಸಿಕ್ಕದಂತೆ ಕರಗುವುವು. ಬಾಲದ ಬುಡವನ್ನು ಹೆಬ್ಬೆರಳು ತೋರುಬೆರಳುಗಳಿಂದ ಹಿಡಿದರೆ ಎರಡು ಬೆರಳುಗಳೂ ಕೂಡಿದಂತೆಯೇ ತೋರುವುದು. ಆಮೇಲೆ ಸಾಮಾನ್ಯವಾಗಿ ಒಂದು ಹಗಲು ಒಂದು ರಾತ್ರಿಯೊಳಗೆ ಆಡು ಈಯುವುದು. ಆದರೆ ಬಿಗಿಯಾಗಿದ್ದಾಗ ಮುಟ್ಟಿ ನೋಡದಿದ್ದವರಿಗೆ ಸಡಿಲವೆಂದರೇನು ತಿಳಿದೀತು? ಕಡೆಯ ಹದಿನೈದು ದಿನಗಳಲ್ಲಿ ಸಂಜೆಗೊಮ್ಮೆ ಬೆನ್ನು ಸವರುವ ನೆಪದಲ್ಲಿ ಮುಟ್ಟುತ್ತಿರಬೇಕು. ಇದರಿಂದ ಮತ್ತೊಂದು ಲಾಭವೂ ಉಂಟು: ಬೇನೆಯ ರಾತ್ರಿಯಲ್ಲಿ ಆ ಕೈಯು ಆಡಿಗೆ ಪರಕೀಯವಾಗಿರುವುದಿಲ್ಲ.

ಇದರ ಜತೆಗೆ ಪಕ್ಕೆಗಳ ಮೇಲ್ಭಾಗವು ಗುಳಿಬೀಳುವುದು, ಈಯುವ ದ್ವಾರವು ಬಾತು ಮೆತ್ತಗಾಗುವುದು, ಲೋಳೆಯು ಕಾಣಿಸಿಕೊಳ್ಳುವುದು. ಸ್ವಲ್ಪ ಬಿಳಿಯ ಲೋಳೆಯು ಹಲವು ದಿನಗಳ ಮೊದಲೇ ಕಾಣಬಹುದು, ಅದಕ್ಕೆ ನಿದ್ರೆಗೆಡಬೇಕಾಗಿಲ್ಲ. ಲೋಳೆಸರದ ರಸದಂತೆ ದಪ್ಪನಾಗಿ, ಜೇನಿನ ಬಣ್ಣಕ್ಕೆ ತಿರುಗಿ, ಹಗ್ಗದಂತೆ ನೇತುಬಿದ್ದರೆ ಹೊತ್ತು ಬಂತೆಂದು ತಿಳಿಯತಕ್ಕುದು. ಆಗ ಆಡು ಜತೆಯವನ್ನು ಬಿಟ್ಟು ಮೂಲೆ ಸೇರುವುದು. ಮುಂಗಾಲಿನಿಂದ ನೆಲ ಕೆರೆಯುವುದು. ಏಳುವುದು, ಮಲಗುವುದು, ತಿರುಗಿ ತನ್ನ ಪಕ್ಕೆಯನ್ನೇ ನೋಡುವುದು. ಯಾರನ್ನೋ ಮೆಲ್ಲಗೆ ಮಾತಾಡಿಸುವಂತೆ ಗಂಟಲಿನೊಳಗೇ ಸಣ್ಣ ದನಿ ಮಾಡುವುದು. ಆ ದನಿಯನ್ನು ಒಮ್ಮೆ ಕೇಳಿದವರು ಮರೆಯಲಾರರು.

ಇದು ಬೇನೆಯ ಮೊದಲನೆಯ ಘಟ್ಟವು. ಗರ್ಭದ ಬಾಯಿ ತೆರೆಯುವ ಕಾಲವಿದು. ಚೊಚ್ಚಲಾದರೆ ಹನ್ನೆರಡು ಗಂಟೆಗಳವರೆಗೂ ನಡೆಯಬಹುದು. ಈ ಘಟ್ಟದಲ್ಲಿ ಮನುಷ್ಯನು ಮಾಡತಕ್ಕ ಕೆಲಸವು ಬಹಳ ಕಡಮೆ, ಮಾಡಬಾರದ ಕೆಲಸವು ಬಹಳ ಹೆಚ್ಚು. ಒಣ ಹುಲ್ಲನ್ನು ಹಾಸಿ, ಶುದ್ಧವಾದ ನೀರನ್ನಿಟ್ಟು, ಓಣಿಯ ನಾಯಿಗಳನ್ನೂ ನೆರೆಯ ಮಕ್ಕಳ ಗುಂಪನ್ನೂ ದೂರವಿರಿಸಿ, ದೀಪವನ್ನು ಸಣ್ಣದು ಮಾಡಿ ದೂರದಲ್ಲಿ ಕುಳಿತಿರಬೇಕು. ಹೊಸ ಸ್ಥಳಕ್ಕೆ ಎಳೆದುಕೊಂಡು ಹೋಗಬಾರದು; ಹೊಟ್ಟೆಯನ್ನು ಒತ್ತಬಾರದು; ಬಂತೇ ಬಂತೇ ಎಂದು ಕೈಯಿಟ್ಟು ನೋಡಬಾರದು. ಹೆದರಿದ ಆಡಿಗೆ ಬಂದ ಬೇನೆಯೂ ನಿಂತುಹೋಗುವುದು. ಬಲ್ಲ ಅಜ್ಜಿಯರು ಈ ಹೊತ್ತಿನಲ್ಲಿ ಬತ್ತಿ ಹೊಸೆಯುತ್ತಲೋ ಅಕ್ಕಿ ಆರಿಸುತ್ತಲೋ ಕುಳಿತಿರುವುದು ಕಾಲಹರಣವಲ್ಲ. ಕೈಗಳಿಗೆ ಬೇರೆ ಕೆಲಸ ಕೊಟ್ಟು ಆಡಿನ ಮೇಲೆ ಹೋಗದಂತೆ ಕಟ್ಟಿಹಾಕುವ ಉಪಾಯವದು.

ಎರಡನೆಯ ಘಟ್ಟದಲ್ಲಿ ಆಡು ಕಾಲುಗಳನ್ನು ಚಾಚಿ ಮುಕ್ಕುವುದು. ಮೊದಲು ನೀರಿನ ಗುಳ್ಳೆಯು ತೋರುವುದು; ಅದನ್ನು ಒಡೆಯಬಾರದು, ತಾನೇ ಒಡೆಯುವುದು. ಎಲ್ಲವೂ ಸರಿಯಾಗಿದ್ದರೆ ಎರಡು ಸಣ್ಣ ಗೊರಸುಗಳು, ಅಂಗಾಲು ಕೆಳಮುಖವಾಗಿ, ಅವುಗಳ ಮೇಲೆ ಒರಗಿದ ಮೂತಿ, ಕೆರೆಗೆ ಧುಮುಕುವ ಹುಡುಗನ ಭಂಗಿಯಲ್ಲಿ ಮರಿಯು ಬರುವುದು. ಇಲ್ಲಿ ಹೊತ್ತಿನ ಲೆಕ್ಕವೇ ಪ್ರಾಣ. ಒಂದು ಗಳಿಗೆಗೆ 24 ನಿಮಿಷಗಳೆಂಬುದು ಹಳೆಯ ಎಣಿಕೆ. ಬಲವಾಗಿ ಮುಕ್ಕತೊಡಗಿ ಒಂದೂಕಾಲು ಗಳಿಗೆ, ಎಂದರೆ ಅರ್ಧ ಗಂಟೆ, ಕಳೆದರೂ ಏನೂ ತೋರದಿದ್ದರೆ, ಅಥವಾ ತೋರಿದುದು ಮುಂದುವರಿಯದಿದ್ದರೆ, ಅದುವರೆಗೆ ಪುಣ್ಯವಾಗಿದ್ದ ಸುಮ್ಮನಿರುವಿಕೆಯು ಅಲ್ಲಿಂದ ಮುಂದೆ ಅಪರಾಧವಾಗುವುದು. ಮೊದಲು ಅವಸರಪಟ್ಟವರು ಆಡನ್ನು ಹರಿಯುವರು. ಆಮೇಲೆ ತಡಮಾಡಿದವರು ಮರಿಯನ್ನು ಕೊಲ್ಲುವರು. ಈ ಎರಡರ ನಡುವೆ ಇರುವ ಗಡಿಯನ್ನು ಅರಿತಿರುವುದೇ ಅಜ್ಜಿಯರ ವಿದ್ಯೆಯ ತಿರುಳು.

ಸುಶ್ರುತನು ಸ್ತ್ರೀಯರ ಮೂಢಗರ್ಭವನ್ನು ವಿವರಿಸುವಲ್ಲಿ ಕೀಲ, ಪ್ರತಿಖುರ, ಬೀಜಕ, ಪರಿಘ ಎಂಬ ನಾಲ್ಕು ಭೇದಗಳನ್ನು ಹೇಳುತ್ತಾನೆ. ಗೂಟದಂತೆ ನಾಟಿಕೊಳ್ಳುವುದು ಕೀಲ. ಕೈಕಾಲು ತಲೆಗಳು ಹೊರಬಂದು ಮುಂಡವು ಸಿಕ್ಕಿಕೊಳ್ಳುವುದು ಪ್ರತಿಖುರ. ತಲೆಯೊಡನೆ ಒಂದೇ ತೋಳು ಬರುವುದು ಬೀಜಕ. ಬಾಗಿಲ ಅಗುಳಿಯಂತೆ ಅಡ್ಡಬೀಳುವುದು ಪರಿಘ. ಪ್ರತಿಖುರವೆಂಬ ಹೆಸರಿನಲ್ಲಿ ಖುರ, ಎಂದರೆ ಗೊರಸು, ಇರುವುದನ್ನು ಗಮನಿಸಿದರೆ ಕೊಟ್ಟಿಗೆಯ ಅನುಭವವೂ ಶಾಸ್ತ್ರಕಾರರಿಗೆ ತಿಳಿದಿತ್ತೋ ಏನೋ ಎಂದು ಊಹಿಸುವಂತಾಗುವುದು. ಆಡಿನಲ್ಲಿಯೂ ಇಂತಹವೇ ತೊಡಕುಗಳು. ಕಾಲೆರಡೂ ಬಂದು ತಲೆಯು ಹಿಂದಕ್ಕೆ ಹೊರಳಿರುವುದು ಒಂದು. ತಲೆ ಬಂದು ಒಂದು ಕಾಲು ಹಿಂದುಳಿದಿರುವುದು ಒಂದು. ಬರಿಯ ಬಾಲವೇ ಬಾಗಿಲಿಗೆ ಬಂದಿರುವುದು ಮತ್ತೊಂದು. ಅವಳಿಗಳೆರಡೂ ಒಟ್ಟಿಗೆ ನುಗ್ಗಿ ಒಂದರ ಕಾಲು ಇನ್ನೊಂದರ ತಲೆಯೊಡನೆ ಬೆರೆತಿರುವುದು ಎಲ್ಲಕ್ಕಿಂತಲೂ ಮೋಸಗೊಳಿಸುವಂತಹುದು.

ಅಂಗಾಲು ಮೇಲ್ಮುಖವಾಗಿ ಕಂಡರೆ ಪ್ರಾಯಶಃ ಅವು ಹಿಂಗಾಲುಗಳು. ನಿಶ್ಚಯಿಸುವ ಬಗೆ ಹೀಗೆ: ಗೊರಸಿನ ಮೇಲಿನ ಮೊದಲನೆಯ ಕೀಲೂ ಅದರ ಮೇಲಿನ ದೊಡ್ಡ ಕೀಲೂ ಒಂದೇ ಕಡೆಗೆ ಮಡಿಚಿದರೆ ಮುಂಗಾಲು, ಒಂದಕ್ಕೊಂದು ವಿರುದ್ಧವಾಗಿ ಮಡಿಚಿದರೆ ಹಿಂಗಾಲು. ಕತ್ತಲಲ್ಲಿಯೂ ಬೆರಳುಗಳು ಇದನ್ನು ಓದಬಲ್ಲುವು. ಹಿಂಗಾಲೆರಡೂ ಕೂಡಿ ಬಂದರೆ ಗಾಬರಿ ಬೇಡ, ಮರಿಯು ಹಾಗೆಯೂ ಬರಬಲ್ಲುದು. ಆದರೆ ಸೊಂಟ ಹೊರಬಿದ್ದ ಮೇಲೆ ತಡೆಯಬಾರದು. ಹೊಕ್ಕುಳಬಳ್ಳಿಯು ಅಮುಕಿ, ತಲೆ ಒಳಗಿರುವಾಗಲೇ ಮರಿಯು ಉಸಿರೆಳೆದು ನೀರು ಕುಡಿಯುವ ಭಯವುಂಟು.

ಕೈಯಿಡಲೇಬೇಕಾದಾಗ ಉಂಗುರ ಬಳೆಗಳನ್ನು ತೆಗೆದು, ಉಗುರು ಕತ್ತರಿಸಿ, ಮೊಣಕೈವರೆಗೂ ಸಾಬೂನಿನಿಂದ ತೊಳೆದು, ಆಡಿನ ಹಿಂಭಾಗವನ್ನೂ ತೊಳೆದು, ದೊರೆತರೆ ರಬ್ಬರಿನ ಕೈಚೀಲವನ್ನು ಧರಿಸಿ, ಧಾರಾಳವಾಗಿ ಜಾರುವ ದ್ರವವನ್ನು ಸವರಿಕೊಳ್ಳಬೇಕು. ಮನೆಯಲ್ಲಿ ಯಾರ ಕೈ ಸಣ್ಣದೋ ಅವರ ಕೈಯೇ ಯೋಗ್ಯವು. ಬೇನೆ ಬಂದಾಗ ಕೈಯನ್ನು ನಿಶ್ಚಲವಾಗಿಡಬೇಕು. ಬೇನೆ ತಗ್ಗಿದಾಗ ಮರಿಯನ್ನು ಮೆಲ್ಲಗೆ ಒಳಕ್ಕೆ ಸರಿಸಿ, ಜಾಗ ಮಾಡಿಕೊಂಡು, ಮಡಿಚಿದ ಕಾಲನ್ನೋ ಹೊರಳಿದ ತಲೆಯನ್ನೋ ತಿದ್ದಬೇಕು. ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ತರಬೇಕು, ಇಲ್ಲವಾದರೆ ಅದರ ಮೊನೆಯು ಗರ್ಭಕೋಶವನ್ನು ಸೀಳುವುದು. ಸಿಕ್ಕಿದ ಕಾಲುಗಳೆರಡೂ ಒಂದೇ ಮರಿಯವೆಂದು, ಒಂದೊಂದನ್ನೂ ಎದೆಯವರೆಗೆ ಸವರಿ ನಿಶ್ಚಯಿಸಿಕೊಳ್ಳದೆ ಎಳೆಯಲೇಬಾರದು. ಎಳೆಯುವುದು ಬೇನೆಯೊಡನೆ ಮಾತ್ರ, ಅದೂ ನೇರವಾಗಿ ಹಿಂದಕ್ಕಲ್ಲ, ಆಡಿನ ಹಿಂಗಾಲುಗಳ ಕಡೆಗೆ, ಕೆಳಮುಖವಾಗಿ. ಹತ್ತು ಹದಿನೈದು ನಿಮಿಷಗಳಲ್ಲಿ ತಿದ್ದಲಾಗದಿದ್ದರೆ, ಅಥವಾ ಗರ್ಭದ ಬಾಯಿಯೇ ಎರಡು ಬೆರಳಿಗಿಂತ ಹೆಚ್ಚು ತೆರೆಯದಿದ್ದರೆ, ಅಲ್ಲಿಗೆ ನಿಲ್ಲಿಸತಕ್ಕುದು. ಅದರ ಮುಂದಿನದು ಪಶುವೈದ್ಯರ ಕೆಲಸ. ಅವರು ಹೊಟ್ಟೆ ಕೊಯ್ದಾದರೂ ತಾಯಿಮರಿಗಳನ್ನು ಉಳಿಸಬಲ್ಲರು. 1962 ಎಂಬುದು ಪಶುಚಿಕಿತ್ಸೆಯ ಸಂಚಾರಿ ವಾಹನಗಳನ್ನು ಕರೆಯುವ ಸಂಖ್ಯೆ. ನೀರು ಒಡೆದುದು ಎಷ್ಟು ಗಂಟೆಗೆ, ಕಂಡ ಕಾಲುಗಳೆಷ್ಟು, ಅಂಗಾಲು ಮೇಲೋ ಕೆಳಗೋ ಎಂಬ ಮೂರು ಮಾತುಗಳನ್ನು ಹೇಳಬಲ್ಲವರಿಗೆ ವೈದ್ಯರಿಂದ ದೂರವಾಣಿಯಲ್ಲಿಯೇ ಅರ್ಧ ಸಹಾಯ ದೊರೆಯುವುದು.

ಮರಿ ನೆಲಕ್ಕೆ ಬಿದ್ದೊಡನೆ ಮೂಗು ಬಾಯಿಗಳ ಲೋಳೆಯನ್ನು ಒರೆಸಬೇಕು. ಉಸಿರಾಡದಿದ್ದರೆ ಹುಲ್ಲುಕಡ್ಡಿಯಿಂದ ಮೂಗಿನ ಹೊಳ್ಳೆಯನ್ನು ಕೆರಳಿಸಿ, ಒಣ ಗೋಣಿಯಿಂದ ಎದೆಯನ್ನು ಬಿರುಸಾಗಿ ಉಜ್ಜಬೇಕು. ಹಿಂಗಾಲು ಹಿಡಿದು ಗಿರಗಿರನೆ ತಿರುಗಿಸುವ ಹಳೆಯ ಪದ್ಧತಿಯನ್ನು ಬಿಡುವುದು ಲೇಸು. ತಲೆಯನ್ನು ಕ್ಷಣಕಾಲ ತಗ್ಗಿಸಿ ಹಿಡಿದರೆ ನೀರು ಇಳಿಯುವುದು. ಉಸಿರು ಬಂತೆಂದರೆ ಮರಿಯನ್ನು ತಾಯಿಯ ಮೂತಿಯ ಮುಂದಿಡಬೇಕು. ತಾಯಿಯು ನೆಕ್ಕುವ ಆ ಮೊದಲ ಗಂಟೆಯಲ್ಲಿಯೇ ತನ್ನ ಮರಿಯ ವಾಸನೆಯನ್ನು ಕಲಿಯುವುದು. ಚೊಕ್ಕಟವಾಗಲೆಂದು ಮರಿಯನ್ನು ಸ್ನಾನಮಾಡಿಸಿ ತಂದವರ ಮನೆಯಲ್ಲಿ ತಾಯಿಯು ಅದನ್ನು ತನ್ನದೆಂದು ಒಪ್ಪದೆ ಹಾಯ್ದುಬಿಡುವುದುಂಟು.

ಹೊಕ್ಕುಳಬಳ್ಳಿಯು ತಾನೇ ಹರಿಯುವುದು. ರಕ್ತ ಒಸರಿದರೆ ಕುದಿಸಿದ ದಾರದಿಂದ ಹೊಟ್ಟೆಗೆ ಮೂರು ಬೆರಳು ದೂರದಲ್ಲಿ ಕಟ್ಟಿ, ತುದಿಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ಬೂದಿ, ಸಗಣಿಗಳನ್ನು ಮೆತ್ತುವ ವಾಡಿಕೆಯು ಧನುರ್ವಾಯುವಿಗೆ ಬಾಗಿಲು ತೆರೆದಂತೆ. ಅಜ್ಜಿಯರ ವಿದ್ಯೆಯಲ್ಲಿ ತಳ್ಳಬೇಕಾದ ಅಂಶಗಳಲ್ಲಿ ಇದು ಮೊದಲನೆಯದು. ಮೊಲೆಯ ತುದಿಯಲ್ಲಿ ಮೇಣದಂತಹ ಬಿರಡೆ ಇರುವುದು; ಎರಡು ಸಲ ಹಿಂಡಿ ಅದನ್ನು ತೆಗೆದು, ಒಂದು ಗಂಟೆಯೊಳಗೆ ಮರಿಗೆ ಗಿಣ್ಣುಹಾಲು ಕುಡಿಸಬೇಕು. ತಾಯಿಯ ಮೈಯ ರೋಗನಿರೋಧಶಕ್ತಿಯು ಗರ್ಭದಲ್ಲಿ ಮರಿಗೆ ದಾಟುವುದಿಲ್ಲ, ಗಿಣ್ಣಿನ ಮೂಲಕವೇ ದಾಟುವುದು. ಒಂದು ದಿನ ಕಳೆದರೆ ಮರಿಯ ಕರುಳು ಆ ಬಾಗಿಲನ್ನು ಮುಚ್ಚಿಕೊಳ್ಳುವುದು. ಗಿಣ್ಣಿನ ಸವಿಯನ್ನು ಬಲ್ಲ ಮನೆಯವರು ಪಾತ್ರೆಯನ್ನು ತರುವ ಮುಂಚೆ ಇದನ್ನು ನೆನೆಯತಕ್ಕುದು. ಮಾರ್ಗಶಿರ ಪುಷ್ಯಗಳಲ್ಲಿ ಬೆಂಗಳೂರಿನ ಬೆಳಗಿನ ಜಾವದ ಚಳಿಯು ಒದ್ದೆಮರಿಯನ್ನು ಕೊಲ್ಲಲು ಸಾಕು. ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು ಕುಡಿಸಬೇಕು.

ಹೊಟ್ಟೆಯಲ್ಲಿ ಮತ್ತೊಂದು ಮರಿಯುಂಟೇ ಎಂಬುದನ್ನು ಕೆಚ್ಚಲಿನ ಮುಂಭಾಗದಲ್ಲಿ ಎರಡು ಕೈಗಳಿಂದ ಹೊಟ್ಟೆಯನ್ನು ಮೆಲ್ಲಗೆ ಎತ್ತಿ ನೋಡಿ ತಿಳಿಯಬಹುದು. ಇದ್ದರೆ ಗಟ್ಟಿಯಾಗಿ ತಗಲುವುದು. ತಾಯಿಗೆ ಬೆಲ್ಲ ಕರಗಿಸಿದ ಉಗುರುಬೆಚ್ಚಗಿನ ನೀರನ್ನು ಕೊಟ್ಟರೆ ಆತುರದಿಂದ ಕುಡಿಯುವುದು.

ಉಳಿದುದು ಮಾಸು, ಹಳ್ಳಿಗಾಡಿನಲ್ಲಿ ಕಸವೆನ್ನುವರು. ಅದು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಬೀಳುವುದು. ಬೇಗ ಬೀಳಲೆಂದು ಜೋಲುವ ಮಾಸಿಗೆ ಕಲ್ಲನ್ನೋ ಹಳೆಯ ಮೆಟ್ಟನ್ನೋ ಕಟ್ಟುವವರುಂಟು, ಕೈಯಿಂದ ಜಗ್ಗುವವರೂ ಉಂಟು. ಇದರಿಂದ ಗರ್ಭಕೋಶವೇ ಹರಿದು ಆಡು ಸಾಯಬಹುದು. ಹನ್ನೆರಡು ಗಂಟೆ ಮೀರಿದರೆ ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರು ಈಯುವ ಆಡಿನ ಸಮೀಪಕ್ಕೆ ಬರಲೇಬಾರದು, ಮಾಸನ್ನು ಯಾರೂ ಬರಿಗೈಯಿಂದ ಮುಟ್ಟಬಾರದು. ಗರ್ಭಪಾತವನ್ನುಂಟುಮಾಡುವ ಕೆಲವು ರೋಗಗಳು ಆ ಮಾಸಿನಿಂದಲೂ ನೀರಿನಿಂದಲೂ ಮನುಷ್ಯರಿಗೆ ಹತ್ತುವುವು. ಹಸಿಯ ಹಾಲನ್ನು ಕುಡಿಯಬಾರದೆಂಬುದಕ್ಕೂ ಇದೇ ಕಾರಣ. ಇಲ್ಲಿ ಕೈ ತೊಳೆಯಬೇಕೆನ್ನುವುದು ರೋಗಕ್ಕಾಗಿಯೇ ಹೊರತು ಸೂತಕಕ್ಕಾಗಿ ಅಲ್ಲ. ಜನನಸೂತಕವನ್ನು ಶರಣರು ತಳ್ಳಿ ಎಷ್ಟೋ ಶತಮಾನಗಳಾದುವು.

ಮಾಸನ್ನು ನಾಯಿಗಳು ಕೆದಕದಷ್ಟು ಆಳವಾಗಿ, ಸುಣ್ಣ ಹಾಕಿ ಹೂಳಬೇಕು. ಊರು ಊರಾಗಿದ್ದಾಗ ಇದು ಕಷ್ಟವಾಗಿರಲಿಲ್ಲ, ಹಿತ್ತಲಿತ್ತು. ಸಾರಕ್ಕಿ, ಯಡಿಯೂರುಗಳ ಓಣಿಯಲ್ಲಿ ಈಗ ನೆಲವೆಲ್ಲ ಸಿಮೆಂಟಾಗಿ ಹೂಳಲು ಗೇಣು ಮಣ್ಣು ಸಿಕ್ಕುವುದು ದುರ್ಲಭ. ನಗರದೊಳಗಿನ ಮಠಗಳಲ್ಲಿ ಇನ್ನೂ ತೋಟವುಳ್ಳವು ಕೆಲವು ಉಂಟು. ಸೂತಕವನ್ನು ಒಪ್ಪದ ಮಠದವರು ಆ ತೋಟದ ಮೂಲೆಯಲ್ಲಿ, ಬಾವಿಯಿಂದ ದೂರವಾಗಿ, ಒಂದು ಗುಂಡಿಯನ್ನೂ ಒಂದು ಬುಟ್ಟಿ ಸುಣ್ಣವನ್ನೂ ಆಡು ಸಾಕುವ ಮನೆಗಳವರಿಗಾಗಿ ಇರಿಸುವುದು ಅಸಾಧ್ಯವಾದ ಕೆಲಸವಲ್ಲ. ಹೊಸ್ತಿಲ ಹುಣ್ಣಿಮೆಗೆ ಮುಂಚೆಯೇ ಅದು ಆಗಬೇಕು.